ಫ್ಲೂ ಲಸಿಕೆಗೆ ಚಳಿಗಾಲ ಕಾಯಬೇಡಿ

ಹನುಮಂತನಗರದಲ್ಲಿ ನನ್ನದೊಂದು ಮೆಡಿಕಲ್ ಸ್ಟೋರ್ ಇದೆ. ಡಾಕ್ಟರ್ ಚೀಟಿ ಹಿಡಿದು ಫ್ಲೂ ಲಸಿಕೆಗೆ ಬರುವವರಲ್ಲಿ ಕೆಲವರು ಡಬ್ಬಿ ತಿರುಗಿಸಿ ನೋಡುತ್ತಾರೆ. 'ಸದರ್ನ್ ಹೆಮಿಸ್ಫಿಯರ್ ಅಂತಿದೆಯಲ್ಲ ಸಾರ್, ನಾವಿರೋದು ಉತ್ತರದಲ್ಲಿ ಅಲ್ವಾ?' ಅಂತ ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಈ ವರ್ಷ ನಮ್ಮ ಅಕ್ಕನಿಗೂ ಇದನ್ನೇ ಬಿಡಿಸಿ ಹೇಳಬೇಕಾಯಿತು.

ಅಕ್ಕ ಮೇ ಕೊನೆಯಲ್ಲಿ ಮಗಳ ಬಾಣಂತನಕ್ಕೆ ಸಿಂಗಪುರಕ್ಕೆ ಹೊರಟಿದ್ದಳು. ಲಸಿಕೆ ಹಾಕಿಸಿಕೋ ಅಂದರೆ, 'ಅಲ್ಲಿ ವರ್ಷವಿಡೀ ಸೆಕೆ ಕಣೋ, ಫ್ಲೂ ಎಲ್ಲಿಂದ ಬರುತ್ತೆ?' ಅಂದಳು.

ಸಿಂಗಪುರ ಭೂಮಧ್ಯರೇಖೆಯಿಂದ ಒಂದೇ ಡಿಗ್ರಿ ಮೇಲಿದೆ. ಚಳಿಗಾಲ ಅನ್ನೋದೇ ಇಲ್ಲ. ಆದರೂ ಹನ್ನೆರಡು ತಿಂಗಳೂ ಅಲ್ಲಿ ಫ್ಲೂ ಓಡಾಡುತ್ತಿರುತ್ತದೆ. ಸಾಮಾನ್ಯವಾಗಿ ಎರಡು ಸಲ ಜಾಸ್ತಿಯಾಗುತ್ತದೆ: ಮೇಯಿಂದ ಜುಲೈವರೆಗೆ ಒಮ್ಮೆ, ವರ್ಷದ ಕೊನೆಯಿಂದ ಫೆಬ್ರವರಿವರೆಗೆ ಇನ್ನೊಮ್ಮೆ. ಅಕ್ಕ ಹೊರಟಿದ್ದು ಸರಿಯಾಗಿ ಮೊದಲನೆಯದರ ನಡುವೆ.

ಸೆಕೆಯಲ್ಲಿ ಹೇಗೆ ಹರಡುತ್ತೆ? ನ್ಯೂಯಾರ್ಕಿನ ವಿಜ್ಞಾನಿಗಳು ಗಿನಿಪಿಗ್‌ಗಳ ಮೇಲೆ ಮಾಡಿದ ಪ್ರಯೋಗ ನನಗೆ ಬಹಳ ಇಷ್ಟ. 2007ರಲ್ಲಿ ಅವರು ಕಂಡಿದ್ದು, ತಂಪಾದ ಒಣ ಗಾಳಿಯಲ್ಲಿ ಫ್ಲೂ ಪಕ್ಕದ ಪಂಜರಕ್ಕೆ ಸುಲಭವಾಗಿ ದಾಟುತ್ತದೆ ಅಂತ. ಮುಂದಿನ ವರ್ಷ 30 ಡಿಗ್ರಿ ಸೆಕೆಯಲ್ಲಿಟ್ಟು ನೋಡಿದರು. ಪಕ್ಕದ ಪಂಜರಕ್ಕೆ ದಾಟಲಿಲ್ಲ. ಆದರೆ ಒಂದೇ ಪಂಜರದಲ್ಲಿದ್ದವಕ್ಕೆ ಆರಾಮಾಗಿ ಅಂಟಿತು. ಬಾಣಂತಿ ಮನೆಯಲ್ಲಿ ಎಲ್ಲರೂ ಒಂದೇ ಕೋಣೆಯಲ್ಲೇ ಇರ್ತಾರಲ್ವಾ? ಅಕ್ಕ ಸುಮ್ಮನಾದಳು.

ನಮ್ಮ ಬೆಂಗಳೂರಿನ ಕಥೆಯೂ ಹೆಚ್ಚು ಬೇರೆಯಲ್ಲ. ಶ್ರೀನಗರದಲ್ಲಿ ಫ್ಲೂ ಚಳಿಗಾಲದ ಕಾಯಿಲೆ. ಇಲ್ಲಿ ಜೂನ್‌ನಲ್ಲಿ ಮಳೆ ಹಿಡಿದು ಸ್ಕೂಲು ಶುರುವಾದ ಮೇಲೆ ಏರುತ್ತದೆ, ಆಮೇಲೆ ಜನವರಿಯಿಂದ ಮಾರ್ಚ್‌ವರೆಗೆ ಮತ್ತೊಂದು ಸುತ್ತು. ವಿಶ್ವ ಆರೋಗ್ಯ ಸಂಸ್ಥೆ ಲಸಿಕೆಯಲ್ಲಿ ಯಾವ ತಳಿಗಳಿರಬೇಕು ಅಂತ ವರ್ಷಕ್ಕೆ ಎರಡು ಸಲ ಹೇಳುತ್ತದೆ. ಭೂಮಿಯ ಉತ್ತರಾರ್ಧಕ್ಕೆ ಫೆಬ್ರವರಿಯಲ್ಲಿ, ದಕ್ಷಿಣಾರ್ಧಕ್ಕೆ (ಡಬ್ಬಿ ಮೇಲಿನ 'ಸದರ್ನ್ ಹೆಮಿಸ್ಫಿಯರ್' ಅಂದರೆ ಇದೇ) ಸೆಪ್ಟೆಂಬರ್‌ನಲ್ಲಿ. ಸೆಪ್ಟೆಂಬರ್‌ನಲ್ಲಿ ಹೇಳಿದ್ದು ಮುಂದಿನ ಬೇಸಿಗೆ ಹೊತ್ತಿಗೆ ಸಿಗುತ್ತದೆ, ನಮ್ಮ ಮಳೆಗಾಲಕ್ಕೆ ಸರಿಯಾಗಿ. ಉತ್ತರದ್ದೇ ಬೇಕು ಅಂತ ಅಕ್ಟೋಬರ್‌ವರೆಗೆ ಕಾಯುತ್ತಾ ಕೂತರೆ ಮಳೆಗಾಲದ ಫ್ಲೂ ಬಂದು ಹೋಗಿರುತ್ತದೆ.

ಲಸಿಕೆ ಕೆಲಸ ಮಾಡೋಕೆ ಸುಮಾರು ಎರಡು ವಾರ ಬೇಕು. ಹಾಗಾಗಿ ಏಪ್ರಿಲ್-ಮೇನಲ್ಲೇ ಡಾಕ್ಟರನ್ನು ಕೇಳಿ. ಮನೆಯಲ್ಲಿ ವಯಸ್ಸಾದವರು, ಸಕ್ಕರೆ ಕಾಯಿಲೆ ಅಥವಾ ಉಬ್ಬಸ ಇರುವವರು ಇದ್ದರಂತೂ ಮುಂದಕ್ಕೆ ಹಾಕಲೇಬೇಡಿ. ಗರ್ಭಿಣಿಯರು ಯಾವ ತಿಂಗಳಲ್ಲಾದರೂ ಹಾಕಿಸಿಕೊಳ್ಳಬಹುದು. ಆರು ತಿಂಗಳು ತುಂಬದ ಕೂಸಿಗೆ ಈ ಲಸಿಕೆ ಕೊಡುವಂತಿಲ್ಲ. ಅದಕ್ಕೆ ಸಿಗುವ ರಕ್ಷಣೆ ತಾಯಿಯಿಂದ, ಮತ್ತೆ ಎತ್ತಿ ಆಡಿಸುವವರಿಂದ. ಅಕ್ಕನ ಜೊತೆ ಭಾವನಿಗೂ ಅವತ್ತೇ ಹಾಕಿಸಿದೆವು.