ಕಾಂಪೌಂಡಿಗೂ ಪರ್ಮಿಷನ್ ಬೇಕಾ ಸಾರ್?

ಮೈಸೂರಿನಲ್ಲಿ ಮನೆ ಪ್ಲಾನು ಬರೆದು ಮಂಜೂರು ಮಾಡಿಸಿಕೊಡುವ ಸಣ್ಣ ಆಫೀಸು ನನ್ನದು. ಜೊತೆಗೆ ಕಾಂಪೌಂಡು, ಸಂಪು, ಗೇಟಿನಂಥ ಬಿಡಿ ಕೆಲಸಗಳನ್ನೂ ಒಪ್ಪಿಕೊಳ್ಳುತ್ತೇನೆ. ಅಡುಗೆಮನೆ ಆಗ್ನೇಯಕ್ಕೇ ಬರಬೇಕು ಅಂತ ನಕ್ಷೆಯನ್ನು ಮತ್ತೆ ಮತ್ತೆ ತಿದ್ದಿಸುವ ಜನ, ಕಾಂಪೌಂಡಿನ ಮಾತು ಬಂದರೆ ಮಾತ್ರ "ಅದಕ್ಕೇನ್ ಸಾರ್, ಮೇಸ್ತ್ರಿಗೆ ಹೇಳಿದ್ರೆ ಎರಡು ದಿನದಲ್ಲಿ ಎಬ್ಬಿಸ್ತಾನೆ" ಅಂತಾರೆ. ಪರ್ಮಿಷನ್ ಬೇಕಾ ಅನ್ನುವ ಪ್ರಶ್ನೆ ಬರುವುದು ಪಾಯ ತೋಡಿ, ಪಕ್ಕದವರು ತಕರಾರು ತೆಗೆದ ಮೇಲೆ.

ಬೇಕು. 1976ರ ಕರ್ನಾಟಕ ಪೌರ ನಿಗಮಗಳ ಅಧಿನಿಯಮ ಕಟ್ಟಡ ಅಂತ ಯಾವುದನ್ನು ಕರೆಯುತ್ತದೋ ಆ ಪಟ್ಟಿಯಲ್ಲಿ ಗೋಡೆಯೂ ಸೇರಿದೆ. ಹೊಸ ಮನೆಯಾದರೆ ಚಿಂತೆಯಿಲ್ಲ. ಸೈಟ್ ಪ್ಲಾನಿನಲ್ಲಿ ಕಾಂಪೌಂಡಿನ ಗೆರೆ, ಗೇಟಿನ ಜಾಗ ತೋರಿಸಿದ್ದರೆ ಮನೆಯ ಮಂಜೂರಾತಿಯ ಜೊತೆಯಲ್ಲೇ ಅದೂ ನಡೆದುಹೋಗುತ್ತದೆ. ತೊಡಕು ಬರುವುದು ಖಾಲಿ ಸೈಟಿಗೆ ಬೇಲಿ ಹಾಕುವಾಗ, ಇಲ್ಲವೇ ಹಳೇ ಕಾಂಪೌಂಡನ್ನು ಕೆಡವಿ ಎತ್ತರಿಸುವಾಗ. ಆಗ ಖಾತೆ, ಕಂದಾಯ ಕಟ್ಟಿದ ರಸೀದಿ, ಕ್ರಯಪತ್ರ, ಅಳತೆ ಬರೆದ ಸ್ಕೆಚ್ಚು ಇಟ್ಟು ಪಾಲಿಕೆಯ ವಲಯ ಕಚೇರಿಗೆ ಪ್ರತ್ಯೇಕ ಅರ್ಜಿ ಕೊಡಿಸುತ್ತೇನೆ. ಹಳ್ಳಿಯ ಕಡೆಯಾದರೆ 1993ರ ಪಂಚಾಯತ್ ರಾಜ್ ಅಧಿನಿಯಮದ 64ನೇ ಪ್ರಕರಣ ಇದೆ, ಅರ್ಜಿ ಗ್ರಾಮ ಪಂಚಾಯಿತಿಗೆ. ಅಲ್ಲಿ ಕೇಳುವುದು ಇ-ಸ್ವತ್ತಿನ, ಅಂದರೆ ಪಂಚಾಯಿತಿ ಆಸ್ತಿಗಳ ಕಂಪ್ಯೂಟರ್ ದಾಖಲೆಯ, ಫಾರಂ 9 ಮತ್ತು 11ಎ. ಕೈಯಲ್ಲಿರುವುದು ನಿಯಮದ ಪ್ರಕಾರ ಆಗದ ಸೈಟುಗಳಿಗೆ ಕೊಡುವ 11ಬಿ ಆದರೆ ಮಾತು ಸ್ವಲ್ಪ ಉದ್ದವಾಗುತ್ತದೆ.

ಆದರೆ ಈ ಕೆಲಸ ನನಗೆ ಕಲಿಸಿದ್ದು ಅರ್ಜಿ ಬರೆಯುವುದನ್ನಲ್ಲ. ಅನುಮತಿ ಬೇರೆ, ಗಡಿ ಬೇರೆ ಅನ್ನುವುದನ್ನು. ಕಚೇರಿಯವರು ಅನುಮತಿ ಕೊಡುವುದು ನಾವು ಬರೆದುಕೊಟ್ಟ ಗೆರೆಗೆ. ಆ ಗೆರೆ ನೆಲದ ಮೇಲೆ ಎಲ್ಲಿ ಬೀಳುತ್ತದೆ, ಅದರ ಈಚೆ ಆಚೆ ಯಾರ ಜಾಗ ಎಂದು ಅವರು ತೀರ್ಮಾನ ಮಾಡುವುದಿಲ್ಲ, ಮಾಡುವ ಅಧಿಕಾರವೂ ಅವರಿಗಿಲ್ಲ. ಅದು ಸಿವಿಲ್ ಕೋರ್ಟಿನ ಬಾಬತ್ತು. ಮಂಜೂರಾದ ನಕ್ಷೆಯನ್ನು ಪಕ್ಕದ ಮನೆಯವರ ಮುಖಕ್ಕೆ ಹಿಡಿದು "ನೋಡ್ರೀ, ಸೀಲು ಬಿದ್ದಿದೆ" ಅಂತ ಜಗಳ ಆಡುವವರನ್ನು ಕಂಡಾಗೆಲ್ಲ, ಆ ಸೀಲಿನಿಂದ ಅವರಿಗೆ ಒಂದಿಂಚೂ ಹೆಚ್ಚು ಸಿಗುವುದಿಲ್ಲವಲ್ಲ ಅನ್ನಿಸುತ್ತದೆ.

ಹೊರವಲಯದ ಒಂದು ಬಡಾವಣೆಯಲ್ಲಿ ಸಾಲಾಗಿ ಐದು ಸೈಟು, ಎಲ್ಲವೂ ಮೂವತ್ತು ನಲವತ್ತು. ನಾಲ್ಕು ಮನೆ ಎದ್ದು ವರ್ಷಗಳಾಗಿದ್ದವು. ಐದನೆಯದು, ಅಡ್ಡರಸ್ತೆಗೆ ಹೊಂದಿಕೊಂಡದ್ದು, ನಿವೃತ್ತ ಮೇಷ್ಟ್ರೊಬ್ಬರದು. ಕಾಂಪೌಂಡು ಹಾಕಿಸಲು ನನ್ನನ್ನು ಕರೆದರು. ಟೇಪು ಹಿಡಿದರೆ ಅಗಲ 28 ಅಡಿ. ಮೇಷ್ಟ್ರು ನಂಬಲಿಲ್ಲ, ಟೇಪು ಬದಲಾಯಿಸಿ ಅಳೆಸಿದರು. ಅಷ್ಟೇ ಬಂತು.

ಉಳಿದ ನಾಲ್ವರಲ್ಲಿ ಕಳ್ಳರು ಯಾರೂ ಇರಲಿಲ್ಲ. ಮೊದಲ ಮನೆಯವರ ಮೇಸ್ತ್ರಿ ಗೋಡೆಯ ಒಳಮೈಯಿಂದ ಮೂವತ್ತಡಿ ಎಳೆದು, ಆರಿಂಚಿನ ಬ್ಲಾಕ್ ಗೋಡೆಯನ್ನು ಅದರಾಚೆ ಕಟ್ಟಿದ್ದ. ಎರಡನೆಯವರು ಆ ಗೋಡೆಯನ್ನೇ ತಮ್ಮ ಗಡಿ ಎಂದುಕೊಂಡು ಅಲ್ಲಿಂದ ಮೂವತ್ತು ಎಳೆದು, ತಮ್ಮ ಆರಿಂಚನ್ನು ಇನ್ನೂ ಆಚೆಗೆ ಹಾಕಿದರು. ಮೂರನೆಯವರೂ ನಾಲ್ಕನೆಯವರೂ ಹಾಗೇ. ನಾಲ್ಕು ಆರಿಂಚು ಸೇರಿ ಎರಡಡಿ ಮೇಷ್ಟ್ರ ಸೈಟಿನೊಳಗೆ ಬಂದು ಕೂತಿತ್ತು. ಎಲ್ಲರ ಕೈಯಲ್ಲೂ ಮಂಜೂರಾದ ಪ್ಲಾನಿತ್ತು, ಎಲ್ಲರ ಪ್ಲಾನಿನಲ್ಲೂ ಮೂವತ್ತು ನಲವತ್ತೇ ಇತ್ತು.

ಬಿಡಿಸುವುದಾದರೂ ಹೇಗೆ? ನಾಲ್ಕನೆಯವರು ಎರಡಡಿ ಹಿಂದೆ ಸರಿದರೆ ಅವರ ಸೈಟು ಸಣ್ಣದಾಗುತ್ತದೆ, ಅವರು ಮೂರನೆಯವರನ್ನು ಕೇಳಬೇಕು, ಮೂರನೆಯವರು ಎರಡನೆಯವರನ್ನು. ಮನೆಗಳೂ ಅದೇ ಲೆಕ್ಕದಲ್ಲಿ ನಿಂತಿವೆ, ಗೋಡೆ ಸರಿದರೆ ಪಕ್ಕದಲ್ಲಿ ಬಿಟ್ಟ ಜಾಗ ನಿಯಮಕ್ಕಿಂತ ಕಡಿಮೆಯಾಗುತ್ತದೆ. ಕೊನೆಗೆ ನಾಲ್ವರೂ ಸೇರಿ ಒಂದಿಷ್ಟು ದುಡ್ಡು ಕೊಟ್ಟರು, ಮೇಷ್ಟ್ರು ರಾಜಿಯಾದರು. ಖಾತೆಯಲ್ಲಿ ಇವತ್ತಿಗೂ 1200 ಚದರಡಿ. ನೆಲದ ಮೇಲಿರುವುದು 1120. ಕಂದಾಯ ಮಾತ್ರ ಪೂರ್ತಿ 1200ಕ್ಕೇ ಕಟ್ಟುತ್ತಿದ್ದಾರೆ.

ಅದಕ್ಕೇ ಪಕ್ಕದವರ ಗೋಡೆಯಿಂದ ಅಳತೆ ಶುರುಮಾಡಲು ನನ್ನ ಹುಡುಗರಿಗೆ ನಾನು ಬಿಡುವುದಿಲ್ಲ. ಬಡಾವಣೆಯ ನಕ್ಷೆ ತರಿಸಿ, ರಸ್ತೆಯ ಅಂಚು ಹಿಡಿದು, ಸಾಲಿನ ಎರಡೂ ಕೊನೆಯಿಂದ ಅಳೆದು ಬಂದ ಮೇಲೆಯೇ ಗೂಟ ಹೊಡೆಯುವುದು. ನಗರಾಭಿವೃದ್ಧಿ ಪ್ರಾಧಿಕಾರ ಹಂಚಿದ ಸೈಟಾದರೆ ಸ್ವಾಧೀನ ಪತ್ರದಲ್ಲಿ ಬರೆದ ಅಳತೆಯನ್ನೂ ನೋಡಬೇಕು, ಮೂಲೆ ಸೈಟುಗಳಲ್ಲಿ ನಾಲ್ಕು ಬದಿಗೂ ಬೇರೆಬೇರೆ ಅಳತೆ ಇರುವುದುಂಟು. ಬದಿ ಸರಿ ಬಂದರೆ ಸಾಲದು, ಓರೆ ಅಳತೆಯೂ ಸರಿ ಬರಬೇಕು. ಮೂವತ್ತು ನಲವತ್ತಕ್ಕೆ ಮೂಲೆಯಿಂದ ಮೂಲೆಗೆ ಸರಿಯಾಗಿ 50 ಅಡಿ, ನಲವತ್ತು ಅರವತ್ತಕ್ಕೆ 72 ಅಡಿ 1 ಇಂಚಿನ ಮೇಲೆ ಚೂರು. ಇಷ್ಟು ನೋಡಿದರೆ ಸೈಟು ಸೊಟ್ಟಗಿದೆಯೋ ನೆಟ್ಟಗಿದೆಯೋ ಅಲ್ಲೇ ಗೊತ್ತಾಗುತ್ತದೆ.

ಸರ್ವೆ ನಂಬರಿನ ಜಮೀನಾದರೆ ನನ್ನ ಟೇಪಿಗೆ ಬೆಲೆಯಿಲ್ಲ. ಹದ್ದುಬಸ್ತಿಗೆ, ಅಂದರೆ ಸರ್ಕಾರಿ ಸರ್ವೆಯವರಿಂದ ಗಡಿ ಗುರುತಿಸಿಕೊಳ್ಳುವುದಕ್ಕೆ, ಅರ್ಜಿ ಹಾಕಬೇಕು. ಸರ್ವೆಯವರು ಅಕ್ಕಪಕ್ಕದ ಹಿಡುವಳಿದಾರರಿಗೆ ನೋಟಿಸು ಕೊಟ್ಟು, ಟಿಪ್ಪಣಿ (ಮೂಲ ಸರ್ವೆಯ ಅಳತೆ ಚಿತ್ರ) ಹಿಡಿದು ಅಳೆದು, ಕಲ್ಲು ನೆಡುವ ಜಾಗ ತೋರಿಸಿ, ಪಂಚನಾಮೆ ಬರೆಯುತ್ತಾರೆ. ಹಳೇ ಟಿಪ್ಪಣಿಯಲ್ಲಿ ಅಳತೆ ಇರುವುದು ಸರಪಳಿ, ಆಣೆಯಲ್ಲಿ. ಒಂದು ಸರಪಳಿ 33 ಅಡಿ, ಅದರಲ್ಲಿ 16 ಆಣೆ. 33 ಅಡಿ ಚೌಕವೇ ನಮ್ಮ ಗುಂಟೆ, 1089 ಚದರಡಿ. ಒಂದು ಆಣೆ ಎರಡಡಿಗಿಂತ ಸ್ವಲ್ಪ ಜಾಸ್ತಿ, ಅಂದಮೇಲೆ ಹಳೇ ದಾಖಲೆ ಹಿಡಿದು ಇಂಚಿನ ಲೆಕ್ಕದಲ್ಲಿ ಜಗಳ ಆಡುವುದಕ್ಕೆ ಅರ್ಥವಿಲ್ಲ. ಊರೊಳಗಿನ ಗ್ರಾಮಠಾಣದಲ್ಲಿ ಇನ್ನೂ ಕಷ್ಟ. ಅಲ್ಲಿ ಮನೆಮನೆಗೂ ಸರ್ವೆ ನಕ್ಷೆ ಅಂತ ಇರಲಿಲ್ಲ, ಚಕ್ಕುಬಂದಿಯೇ ಆಧಾರ. "ಪೂರ್ವಕ್ಕೆ ಇಂಥವರ ಹಿತ್ತಿಲು" ಅಂತ ಬರೆದಿರುತ್ತದೆ. ಆ ಇಂಥವರು ತೀರಿಕೊಂಡು, ಹಿತ್ತಿಲು ಮಕ್ಕಳಲ್ಲಿ ಮೂರು ಪಾಲಾಗಿರುತ್ತದೆ. 2020ರಲ್ಲಿ ಶುರುವಾದ ಸ್ವಾಮಿತ್ವ ಯೋಜನೆಯಲ್ಲಿ ಡ್ರೋನ್ ಹಾರಿಸಿ ಅಳೆದ ಊರುಗಳಲ್ಲಿ ಕೈಗೆ ಒಂದು ನಕ್ಷೆಯಾದರೂ ಸಿಗುತ್ತದೆ.

ಹಳ್ಳಿ ಅಂಚಿನ ಜಾಗಕ್ಕೆ ಇನ್ನೆರಡು ನೋಡಿಕೊಳ್ಳಬೇಕು. ಒಂದು, ಖರಾಬು, ಅಂದರೆ ಸಾಗುವಳಿಯ ಲೆಕ್ಕದಿಂದ ಹೊರಗಿಟ್ಟ ನೆಲ. ಸರ್ವೆ ನಂಬರಿನ ವಿಸ್ತೀರ್ಣ ಬರೆದ ಆಕಾರಬಂದ್ ದಾಖಲೆಯಲ್ಲಿ ಬ ಖರಾಬು ಅಂತ ಇದ್ದರೆ ಅದು ದಾರಿ, ಹಳ್ಳ, ಸ್ಮಶಾನದಂಥ ಸಾರ್ವಜನಿಕ ಬಳಕೆಯ ನೆಲ. ನಿಮ್ಮ ಸರ್ವೆ ನಂಬರಿನ ಒಳಗೇ ಇದ್ದರೂ ಅದನ್ನು ಸೇರಿಸಿ ಬೇಲಿ ಹಾಕುವಂತಿಲ್ಲ. ಇನ್ನೊಂದು, ಓಡಾಟದ ದಾರಿ. ಹಿಂದಿನ ಜಮೀನಿಗೆ ಬೇರೆ ದಾರಿಯೇ ಇಲ್ಲದಿದ್ದರೆ, ಅಥವಾ 20 ವರ್ಷ ಎಡೆಬಿಡದೆ ಹಕ್ಕಿನಿಂದ ಓಡಾಡಿದ್ದರೆ, ಬೇರೆಯವರ ನೆಲದ ಮೇಲೆ ಓಡಾಡುವಂಥ ಹಕ್ಕನ್ನು ಕಾಯುವ 1882ರ ಈಸ್‌ಮೆಂಟ್ ಕಾಯ್ದೆ ಅವರ ಬೆನ್ನಿಗೆ ನಿಲ್ಲುತ್ತದೆ. ಸೈಟು ಖಾಲಿ ಇದ್ದಷ್ಟು ದಿನ ಯಾರೂ ಮಾತಾಡುವುದಿಲ್ಲ, ಕಂಬ ನೆಟ್ಟ ದಿನ ಊರೇ ಬರುತ್ತದೆ. ನಾನು ಮೊದಲೇ ಹೋಗಿ ಗಾಡಿ ಜಾಡು, ಕಾಲುಹಾದಿ ನೋಡಿ, ಇದ್ದರೆ ನಕ್ಷೆಯಲ್ಲೇ ಗುರುತು ಮಾಡುತ್ತೇನೆ. ಮಾಲೀಕರಿಗೆ ಅದು ಹಿಡಿಸುವುದಿಲ್ಲ. "ನಿಮಗೆ ದುಡ್ಡು ಕೊಡೋದು ನಾನಾ ಅವರಾ?" ಅಂತ ಕೇಳಿದವರೂ ಇದ್ದಾರೆ. ಬೆಂಗಳೂರಿನಲ್ಲಾದರೆ ರಾಜಕಾಲುವೆಯ ಲೆಕ್ಕ ಬೇರೆ. 2015ರ ಮಾಸ್ಟರ್ ಪ್ಲಾನಿನಲ್ಲಿ ಕಾಲುವೆಯ ದರ್ಜೆ ನೋಡಿಕೊಂಡು 50, 25, 15 ಮೀಟರ್ ಬಿಡಬೇಕು ಅಂತ ಇತ್ತು. ಅಲ್ಲಿ ಸೈಟು ಕೊಳ್ಳುವ ಮುಂಚೆಯೇ ನೋಡಬೇಕಾದ ವಿಷಯ ಅದು, ಕಾಂಪೌಂಡಿನ ಹೊತ್ತಿಗೆ ತಡವಾಗಿರುತ್ತದೆ.

ಗೆರೆ ಇತ್ಯರ್ಥವಾದ ಮೇಲೆ ಉಳಿದದ್ದು ಸಲೀಸು, ಎತ್ತರವೊಂದನ್ನು ಬಿಟ್ಟು. ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಮುಂದಿನ ರಸ್ತೆಯ ನಡುಗೆರೆಯಿಂದ ಕಾಂಪೌಂಡಿನ ಎತ್ತರ 1.5 ಮೀಟರ್, ಅಂದರೆ ಐದಡಿಗೆ ಚೂರು ಕಡಿಮೆ. 2.4 ಮೀಟರ್ ತನಕ ಹೋಗಬಹುದು, ಆದರೆ ಮೇಲಿನ 0.9 ಮೀಟರ್ ಗ್ರಿಲ್ಲಿನ ಹಾಗೆ ಗಾಳಿ ಬೆಳಕು ಆಡುವಂತಿರಬೇಕು. ಮೂಲೆ ಸೈಟಿಗೆ ಇನ್ನೂ ಬಿಗಿ: ರಸ್ತೆ ಕೂಡುವ ಕಡೆ ಎರಡೂ ಬದಿಗೆ 10 ಮೀಟರ್ ಉದ್ದ ಗೋಡೆ 0.75 ಮೀಟರ್ ಮಾತ್ರ, ಅದರ ಮೇಲೆ ಬೇಕಿದ್ದರೆ ಗ್ರಿಲ್ಲು. ತಿರುವಿನಲ್ಲಿ ಸ್ಕೂಟರಿನವನಿಗೆ ಎದುರಿನ ಗಾಡಿ ಕಾಣಲಿ ಅಂತ ಈ ನಿಯಮ. ಸಂಹಿತೆ ಒಂದು ಮಾದರಿ, ನಿಮ್ಮೂರಿನ ಬೈಲಾದಲ್ಲಿ ಏನಿದೆಯೋ ಅದೇ ನಡೆಯುವುದು. ಹಾಗಾಗಿ ಬೈಲಾ ಓದಿಯೇ ಗ್ರಿಲ್ಲಿನ ಆರ್ಡರು ಕೊಡುತ್ತೇನೆ. ಅಳೆಯುವುದು ರಸ್ತೆ ನಡುವಿನಿಂದ, ನಿಮ್ಮ ಅಂಗಳದಿಂದಲ್ಲ ಅನ್ನುವುದನ್ನು ಬಹಳ ಜನ ಮರೆಯುತ್ತಾರೆ. ಸೈಟನ್ನು ಮಣ್ಣು ತುಂಬಿಸಿ ಎರಡಡಿ ಏರಿಸಿ, ಅಲ್ಲಿಂದ ಐದಡಿ ಗೋಡೆ ಎಬ್ಬಿಸಿದರೆ ರಸ್ತೆಯಲ್ಲಿ ನಿಂತವನಿಗೆ ಅದು ಏಳಡಿ.

ಹಾಗೆ ಮಣ್ಣು ತುಂಬಿಸಿದಾಗ ಆ ಗೋಡೆ ಕಾಂಪೌಂಡಾಗಿ ಉಳಿಯುವುದಿಲ್ಲ, ತಡೆಗೋಡೆಯಾಗುತ್ತದೆ. ನೀರು ಹೊರಹೋಗಲು ತೂತು ಬಿಡದೆ, ಪಿಲ್ಲರು ಕೊಡದೆ ಆರಿಂಚಿನ ಬ್ಲಾಕು ಪೇರಿಸಿದರೆ ಒಂದು ಜೋರು ಮಳೆಗೆ ಪಕ್ಕದವರ ಮೇಲೆ ಬೀಳುತ್ತದೆ. ಮಂಗಳೂರು ಕಡೆ ಮಳೆಗಾಲದಲ್ಲಿ ಕಾಂಪೌಂಡು ಕುಸಿದು ಜನ ಸಾಯುವುದನ್ನು ಓದುತ್ತಲೇ ಇದ್ದೇವೆ. ಅನುಮತಿ ಪತ್ರದಲ್ಲಿ ಇದನ್ನು ಯಾರೂ ಕೇಳದಿದ್ದರೂ ನಕ್ಷೆಯಲ್ಲಿ ಬರೆಯುವುದು ನಮ್ಮ ಕೆಲಸ.

ಪಾಯದ ಜಗಳ ಇನ್ನೊಂದು ಬಗೆಯದು. ಎರಡಡಿ ಅಗಲದ ಸೈಜುಗಲ್ಲಿನ ಪಾಯದ ನಟ್ಟನಡುವೆ ಆರಿಂಚಿನ ಗೋಡೆ ಕೂರಿಸಿದರೆ ಎರಡೂ ಕಡೆ ಒಂಬತ್ತೊಂಬತ್ತು ಇಂಚು ಪಾಯ ಚಾಚುತ್ತದೆ. ಗೋಡೆ ನಿಮ್ಮ ಗಡಿಯಲ್ಲೇ ಇದ್ದರೂ ಕೆಳಗೆ ಪಕ್ಕದವರ ನೆಲಕ್ಕೆ ಕಾಲು ಚಾಚಿದ್ದೀರಿ. ಅವರು ತಮ್ಮ ಪಾಯ ತೋಡುವ ದಿನ ಅದು ಬಯಲಾಗುತ್ತದೆ. ಇಬ್ಬರೂ ಒಪ್ಪಿದರೆ ಗೋಡೆಯನ್ನು ಗಡಿಯ ಮೇಲೇ ಕಟ್ಟಿ ಖರ್ಚನ್ನು ಅರ್ಧರ್ಧ ಹಂಚಿಕೊಳ್ಳುವುದು ಎಲ್ಲಕ್ಕಿಂತ ಅಗ್ಗ, ಆದರೆ ಒಪ್ಪಿದ್ದನ್ನು ಛಾಪಾ ಕಾಗದದ ಮೇಲೆ ಬರೆಸಿಕೊಳ್ಳಿ. ಇವತ್ತಿನ ನೆರೆಯವರು ನಾಳೆ ಸೈಟು ಮಾರಿ ಹೋಗುತ್ತಾರೆ. ಒಪ್ಪದಿದ್ದರೆ ಪಾಯವನ್ನು ಪೂರ್ತಿ ನಿಮ್ಮ ಕಡೆಗೇ ತೆಗೆದುಕೊಂಡು, ಪಿಲ್ಲರು ಹಾಕಿ, ಪ್ಲಿಂತ್ ಬೀಮಿನಿಂದ ಬಿಗಿದು ಕಟ್ಟಬೇಕು. ಖರ್ಚು ಜಾಸ್ತಿ.

ಗೋಡೆಯ ಹೊರಗಿನದ್ದನ್ನು ಮಾತ್ರ ನಮ್ಮ ಜನ ತಮ್ಮದೇ ಅಂದುಕೊಂಡಿದ್ದಾರೆ. ಚರಂಡಿಯ ಮೇಲೆ ಕಾರಿನ ರಾಂಪು, ಫುಟ್‌ಪಾತಿನ ಮೇಲೆ ಮೆಟ್ಟಿಲು, ರಸ್ತೆಯ ಅಂಚಿಗೆ ಜಾಲರಿ ಕಟ್ಟಿ ದಾಸವಾಳ, ತುಳಸಿ. ಇದಕ್ಕೆ ಯಾವ ಪ್ಲಾನಿನಲ್ಲೂ ಅನುಮತಿ ಇರುವುದಿಲ್ಲ, ಚರಂಡಿ ಕೆಲಸಕ್ಕೆ ಜೆಸಿಬಿ ಬಂದರೆ ಮೊದಲು ಹೋಗುವುದೇ ಇದು. ರಾಂಪಿನ ಇಳಿಜಾರನ್ನು ಗೇಟಿನ ಒಳಗೇ ತೆಗೆದುಕೊಳ್ಳುವಂತೆ ಶುರುವಿನಲ್ಲೇ ಮಟ್ಟ ನಿಗದಿ ಮಾಡಿದರೆ ಆಯಿತು. ಗೇಟೂ ಒಳಕ್ಕೇ ತೆರೆಯಬೇಕು. ಒಳಗೆ ಕಾರಿಗೆ ಜಾಗ ಸಾಲದು ಅನ್ನುವವರಿಗೆ ಪಕ್ಕಕ್ಕೆ ಸರಿಯುವ ಗೇಟು ಮಾಡಿಸಿಕೊಡುತ್ತೇನೆ. ಇನ್ನು ಗೆರೆಗೆ ಅಡ್ಡ ಒಂದು ಹೊಂಗೆಯೋ ಬೇವೋ ನಿಂತಿದ್ದರೆ, ಅದು ನಿಮ್ಮ ಸೈಟಿನದ್ದೇ ಆದರೂ, 1976ರ ವೃಕ್ಷ ಸಂರಕ್ಷಣೆ ಅಧಿನಿಯಮದ ಪ್ರಕಾರ ವೃಕ್ಷ ಅಧಿಕಾರಿಯ ಅನುಮತಿ ಇಲ್ಲದೆ ಕೊಡಲಿ ಹಾಕುವಂತಿಲ್ಲ. ಆ ಜಾಗದಲ್ಲಿ ಪಾಯ ನಿಲ್ಲಿಸಿ, ಬುಡದ ಎರಡು ಕಡೆ ಕಂಬ ಕೊಟ್ಟು, ನಡುವೆ ಗ್ರಿಲ್ಲು ಕೂರಿಸುವುದು ಅರ್ಜಿ ಹಿಡಿದು ಓಡಾಡುವುದಕ್ಕಿಂತ ಬೇಗ ಮುಗಿಯುತ್ತದೆ, ನೆರಳೂ ಉಳಿಯುತ್ತದೆ.

ಗೆರೆಯ ಮೇಲೆ ತಕರಾರು ಇದ್ದು, ಸೈಟನ್ನು ಕಾಯ್ದುಕೊಳ್ಳಲೇಬೇಕಾದ ಪರಿಸ್ಥಿತಿ ಬಂದರೆ ನಾನು ಗೋಡೆ ಕಟ್ಟುವುದಿಲ್ಲ. ಕಲ್ಲುಕಂಬ ನೆಟ್ಟು ಮುಳ್ಳುತಂತಿಯೋ ಚೈನ್‌ಲಿಂಕ್ ಜಾಲರಿಯೋ ಎಳೆಸುತ್ತೇನೆ, ಅದೂ ಇಬ್ಬರಿಗೂ ತಂಟೆಯಿಲ್ಲದ ಗೆರೆಯವರೆಗೆ ಮಾತ್ರ. ನಾಳೆ ಸರ್ವೆಯಲ್ಲಿ ಒಂದಡಿ ಈಚೆಗೆ ಬಂತೆಂದರೆ ಕಂಬ ಕಿತ್ತು ನೆಡಲು ಅರ್ಧ ದಿನ ಸಾಕು. ಎದುರಿನವರು ಕೋರ್ಟಿನಿಂದ ತಡೆಯಾಜ್ಞೆ ತಂದಿದ್ದಾರೆಂದು ಕಿವಿಗೆ ಬಿದ್ದರೂ ಆದೇಶದ ನಕಲು ಕೇಳಿ ತರಿಸಿಕೊಂಡು ಅವತ್ತೇ ಕೆಲಸ ನಿಲ್ಲಿಸುತ್ತೇನೆ. ರಾತ್ರೋರಾತ್ರಿ ಮುಗಿಸಿಬಿಡಿ, ಕೂಲಿ ಎರಡು ಪಟ್ಟು ಕೊಡ್ತೀನಿ ಅನ್ನುವ ಮಾಲೀಕರು ಸಿಗುತ್ತಾರೆ. ಹಾಗೆ ಕಟ್ಟಿದ ಗೋಡೆಯನ್ನು ಕೋರ್ಟು ಕೆಡವಿಸಬಹುದು, ಕಟ್ಟಿಸಿದವರ ಜೊತೆ ಕಟ್ಟಿದವರೂ ಅಲ್ಲಿ ಉತ್ತರ ಹೇಳಬೇಕಾಗುತ್ತದೆ. ಆ ಕೆಲಸಕ್ಕೆ ಮುಂಗಡ ಕೊಟ್ಟಿದ್ದರೆ ವಾಪಸು ಕೊಟ್ಟು ಕಳಿಸುತ್ತೇನೆ.