ಫೋನ್ ಮನೆಗೆ ಎಷ್ಟು ಗಂಟೆಗೆ ಬರುತ್ತೆ?

ಮೊನ್ನೆ ನಮ್ಮ ಸ್ಕೂಲಿಗೆ ಹೊಸದಾಗಿ ಬಂದಿರೋ ಮೇಷ್ಟ್ರೊಬ್ರು ಸ್ಟಾಫ್ ರೂಮಲ್ಲಿ ಕೂತ್ಕೊಂಡು, ಸರ್ ಈ ಸಲ ಹತ್ತನೇ ಕ್ಲಾಸಿಗೆ ಎಲ್ಲಾ ಪಾಠ ವಿಡಿಯೋ ಮಾಡಿ ಗ್ರೂಪಿಗೆ ಹಾಕೋಣ ಅಂತಿದೀನಿ, ಟ್ರೈಪಾಡ್ ಆರ್ಡರ್ ಮಾಡ್ದೆ ಅಂದ್ರು. ನಂಗೆ ಒಳಗೊಳಗೇ ನಗು. ಯಾಕಂದ್ರೆ ನಮ್ಮನೇಲೂ ಒಂದು ಟ್ರೈಪಾಡ್ ಇದೆ, 2020ರ ಜೂನಲ್ಲಿ ತಗೊಂಡಿದ್ದು, ಈಗ ಮಳೆಗಾಲದಲ್ಲಿ ಅದನ್ನ ಬಚ್ಚಲ ಒಲೆ ಹತ್ರ ನಿಲ್ಲಿಸಿ ಒದ್ದೆ ಟವೆಲ್ ಒಣಗಿಸ್ತೀವಿ. ಅವರಿಗೆ ಅಷ್ಟು ಹೊತ್ತಲ್ಲಿ ಎಲ್ಲಾ ಹೇಳೋಕಾಗ್ಲಿಲ್ಲ, ಬೆಲ್ ಹೊಡೀತು, ಅದಕ್ಕೆ ಇಲ್ಲಿ ಬರೀತಿದೀನಿ.

ನಾನು ಸಾಗರದ ಕಡೆ ಹಳ್ಳಿ ಹೈಸ್ಕೂಲಲ್ಲಿ ವಿಜ್ಞಾನ ಹೇಳೋನು. 2020ರ ಮಾರ್ಚಲ್ಲಿ ಸ್ಕೂಲ್ ಬಾಗಿಲು ಹಾಕಿದ್ವಲ್ಲ, ಜೂನ್ ಬಂದ್ರೂ ತೆಗೀಲಿಲ್ಲ, ಆಗ ಹತ್ತನೇ ಕ್ಲಾಸಲ್ಲಿ 41 ಮಕ್ಕಳು, ವಾಟ್ಸಾಪ್ ಗ್ರೂಪ್ ಮಾಡೋಣ ಅಂತ ನಂಬರ್ ಸೇರಿಸಿದ್ರೆ 23 ಸಿಕ್ತು. ಉಳಿದೋರ ಮನೇಲಿ ಬಟನ್ ಫೋನು, ಇಬ್ಬರು ಮೂವರಿಗೆ ಅದೂ ಇಲ್ಲ. ಇರಲಿ, 23 ಜನಕ್ಕಾದ್ರೂ ಮಾಡೋಣ ಅಂತ ಬೆಳಕಿನ ಪಾಠದ ವಿಡಿಯೋ ಮಾಡ್ದೆ, 12 ನಿಮಿಷದ್ದು, ಇಸ್ತ್ರಿ ಹಾಕಿದ ಶರ್ಟು, ಗೋಡೆಗೆ ಕಪ್ಪು ಚಾರ್ಟು, ನಿಮ್ನ ದರ್ಪಣಕ್ಕೆ ಅಡುಗೆಮನೆಯಿಂದ ಹೊಸ ಸ್ಟೀಲ್ ಸೌಟು. ಆಗ ವಾಟ್ಸಾಪಲ್ಲಿ 16 ಎಂಬಿ ಮೀರಿದ ವಿಡಿಯೋ ಹೋಗ್ತಿರ್ಲಿಲ್ಲ, ತುಂಡು ಮಾಡಿ ಮಾಡಿ ಕಳಿಸ್ಬೇಕು, ನಮ್ಮನೇಲಿ ನೆಟ್‌ವರ್ಕ್ ಒಂದು ಕಡ್ಡಿ, ಅದಕ್ಕೆ ಬೈಕ್ ಹತ್ತಿ ಮೇಲಿನ ಹಕ್ಕಲಿಗೆ ಹೋಗಿ, ಒಂದು ಕೈಲಿ ಛತ್ರಿ ಒಂದು ಕೈಲಿ ಫೋನ್ ಹಿಡ್ಕೊಂಡು ಅಪ್‌ಲೋಡ್ ಆಗೋ ಗೆರೆ ಸುತ್ತೋದನ್ನೇ ನೋಡ್ತಾ ನಿಂತಿರ್ತಿದ್ದೆ. ಬೆಳಿಗ್ಗೆ ಹತ್ತು ಗಂಟೆಗೆ ಸರಿಯಾಗಿ ಕಳಿಸ್ತಿದ್ದೆ, ಸ್ಕೂಲ್ ಟೈಮ್ ಅದಲ್ವ. ಒಂದು ವಾರ ಆದ್ಮೇಲೆ ಫೋನ್ ಮಾಡಿ ವಿಚಾರಿಸಿದ್ರೆ ಮೂರನೇ ತುಂಡಿಗಿಂತ ಮುಂದೆ ಹೋದೋರು ನಾಲ್ಕೇ ಜನ.

ಆಮೇಲೆ ನಾನು ಮಾಡಿದ ತಪ್ಪು ಹೇಳ್ಬೇಕು, ಅದು ಹೇಳ್ದೆ ಉಳಿದಿದ್ದು ಅರ್ಥ ಆಗಲ್ಲ. ಹೋಮ್‌ವರ್ಕ್ ಫೋಟೋ ಹೊಡೆದು ಹಾಕಿ ಅಂತ ಹೇಳಿದ್ದೆ, ಯಾರೂ ಸರಿಯಾಗಿ ಹಾಕ್ತಿರ್ಲಿಲ್ಲ, ನಂಗೆ ಸಿಟ್ಟು ಬಂದು ದಿನಾ ರಾತ್ರಿ ಗ್ರೂಪಲ್ಲಿ 'ಇವತ್ತು ಹೋಮ್‌ವರ್ಕ್ ಕಳಿಸದವರು' ಅಂತ ಹೆಸರು ಸಮೇತ ಪಟ್ಟಿ ಹಾಕೋಕೆ ಶುರು ಮಾಡ್ದೆ. ಒಂದು ಹುಡುಗಿ ಹೆಸರು ಮೂರು ದಿನ ಬಂತು, ನಾಲ್ಕನೇ ದಿನ ಆ ನಂಬರ್ ಗ್ರೂಪಿಂದ ಲೆಫ್ಟ್. ಅಬ್ಬಾ ಏನ್ ಧಿಮಾಕು ಅಂದ್ಕೊಂಡೆ. ಭಾನುವಾರ ಮಾಸ್ಕ್ ಹಾಕ್ಕೊಂಡು ಅವರ ಮನೆಗೇ ಹೋದೆ. ಹೋದ್ರೆ ಗ್ರೂಪ್ ಬಿಟ್ಟಿದ್ದು ಹುಡುಗಿ ಅಲ್ಲ, ಅವರಪ್ಪ. ಲಗೇಜ್ ಆಟೋ ಓಡಿಸೋರು, ಫೋನ್ ಅವರದ್ದು, ಬೆಳಿಗ್ಗೆ ಆರಕ್ಕೆ ಅವರ ಜೇಬಲ್ಲಿ ಹೊರಟ್ರೆ ರಾತ್ರಿ ಎಂಟಕ್ಕೇ ಮನೆ ಸೇರೋದು. 'ಸರ್, ಊರೋರೆಲ್ಲ ಇರೋ ಗ್ರೂಪಲ್ಲಿ ನನ್ ಮಗಳ ಹೆಸರು ಮೂರು ದಿನ ಹಾಕಿದ್ರಿ, ಬಾಡಿಗೆ ಕೊಡೋರೂ ಅದೇ ಗ್ರೂಪಲ್ಲಿದಾರೆ' ಅಂದ್ರು, ಜೋರೇನೂ ಮಾಡ್ಲಿಲ್ಲ. ಹುಡುಗಿ ಒಳಗಿಂದ ನೋಟ್‌ಬುಕ್ ತಂದು ಕೊಟ್ಲು, ಎಲ್ಲಾ ಹೋಮ್‌ವರ್ಕೂ ಇತ್ತು, ಕಿರಣ ಚಿತ್ರಗಳನ್ನ ಬೇರೆ ನನಗಿಂತ ಚೆನ್ನಾಗಿ ಬರ್ದಿದ್ಲು. ಫೋಟೋ ಹೊಡೆಯೋ ಹೊತ್ತಿಗೆ ಫೋನೇ ಇರ್ತಿರ್ಲಿಲ್ಲ, ಅಷ್ಟೇ. 199 ರೂಪಾಯಿ ರೀಚಾರ್ಜು 28 ದಿನಕ್ಕೆ, ಅದನ್ನೂ ಒಂದು ತಿಂಗಳು ಬಿಟ್ಟು ಒಂದು ತಿಂಗಳು ಹಾಕಿಸ್ತಿದ್ರಂತೆ. ಕಾಫಿ ಕೊಟ್ರು, ಕುಡಿಯೋಕೆ ಕಷ್ಟ ಆಯ್ತು ನಂಗೆ.

ಅವತ್ತು ರಾತ್ರಿ ಹಾಜರಿ ಪುಸ್ತಕದ ಹಿಂದೆ ಒಂದು ಹೊಸ ಕಾಲಂ ಗೀಚಿದೆ. ಫೋನ್ ಯಾರದ್ದು, ಮನೆಗೆ ಎಷ್ಟು ಗಂಟೆಗೆ ಬರುತ್ತೆ. ಅಲ್ಲೀವರೆಗೂ ನಂಬರ್ ಇದೆ ಅಂದ್ರೆ ಮಗು ಕೈಗೆ ಸಿಗುತ್ತೆ ಅಂತಲೇ ಲೆಕ್ಕ ಹಾಕಿದ್ದೆ. ಎರಡು ನೀಲಿ ಟಿಕ್ ಬಿದ್ರೆ ಪಾಠ ತಲುಪ್ತು ಅಂತ ಖುಷಿ ಪಡ್ತಿದ್ನಲ್ಲ, ಆ ಟಿಕ್ ಅರ್ಧಕ್ಕರ್ಧ ಅಪ್ಪಂದಿರದ್ದು, ಅಣ್ಣಂದಿರದ್ದು. ಎಲ್ಲರನ್ನೂ ಕೇಳಿ ಕಾಲಂ ತುಂಬಿದ ಮೇಲೆ ಗೊತ್ತಾಯ್ತು, ರಾತ್ರಿ ಏಳೂವರೆಗೆ ಮುಂಚೆ ನಂಗೆ ಒಂಬತ್ತು ಮಕ್ಕಳೂ ಸಿಗಲ್ಲ.

ಮಧ್ಯದಲ್ಲಿ ಜುಲೈ 20ರಿಂದ ಚಂದನದಲ್ಲಿ ಸಂವೇದ ಇ-ಕ್ಲಾಸ್ ಬಂತು, ಒಳ್ಳೇ ಪಾಠಗಳೇ, ಆದ್ರೆ ನಮ್ಮ ಕಡೆ ಜುಲೈ ಅಂದ್ರೆ ಏನು ಅಂತ ಮಲೆನಾಡೋರಿಗೆ ಹೇಳ್ಬೇಕಾಗಿಲ್ಲ, ಒಂದು ಗಾಳಿಗೆ ಮರ ಲೈನ್ ಮೇಲೆ ಬಿದ್ರೆ ಎರಡು ದಿನ ಕರೆಂಟಿಲ್ಲ, ಕರೆಂಟ್ ಹೋಗಿ ಸ್ವಲ್ಪ ಹೊತ್ತಿಗೆ ಟವರೂ ಮಲಗುತ್ತೆ. ಆಗಸ್ಟಲ್ಲಿ ವಿದ್ಯಾಗಮ ಅಂತ ಇಲಾಖೆ ಯೋಜನೆ ಬಂದಾಗ ದೇವಸ್ಥಾನದ ಜಗಲಿ, ಯಾರದ್ದೋ ಮನೆ ಅಂಗಳ ಅಂತ ಹುಡುಕ್ಕೊಂಡು ಹೋಗಿ ಪಾಠ ಮಾಡಿದ್ವಿ, ಸ್ಮಾರ್ಟ್‌ಫೋನ್ ಇರೋರು, ಬಟನ್ ಫೋನ್ ಇರೋರು, ಏನೂ ಇಲ್ದಿರೋರು ಅಂತ ಮಕ್ಕಳನ್ನ ಮೂರು ಗುಂಪು ಮಾಡಿ ಅಂತ ಅದರಲ್ಲೇ ಇತ್ತು, ನನ್ನ ಕಾಲಂ ಆಗ ಉಪಯೋಗಕ್ಕೆ ಬಂತು. ಅಕ್ಟೋಬರಲ್ಲಿ ಸೋಂಕಿನ ಸುದ್ದಿ ಆಗಿ ಅದೂ ನಿಂತ್ಹೋಯ್ತು.

ವಾಯ್ಸ್ ಮೆಸೇಜ್ ವಿಷಯ ನಾನು ತಲೆ ಓಡಿಸಿ ಕಂಡುಹಿಡಿದಿದ್ದಲ್ಲ. ಒಂದು ರಾತ್ರಿ ಕರೆಂಟ್ ಇರ್ಲಿಲ್ಲ, ವಿಡಿಯೋ ಮಾಡೋ ಹಾಗಿಲ್ಲ, ಸುಮ್ನೆ ಮೈಕ್ ಒತ್ತಿ ಹಿಡ್ಕೊಂಡು ಮೂರು ನಿಮಿಷ ಮಾತಾಡಿ ಬಿಟ್ಟೆ, ಆಮ್ಲ ಪ್ರತ್ಯಾಮ್ಲದ ಬಗ್ಗೆ. ಅರಿಶಿನ ಕಲಸಿ ಕಾಗದಕ್ಕೆ ಹಚ್ಚಿ ಒಣಗಿಸಿ, ಒಂದು ತುದಿಗೆ ನಿಂಬೆ ರಸ, ಇನ್ನೊಂದು ತುದಿಗೆ ಎಲೆ ಅಡಿಕೆ ತಟ್ಟೇಲಿರೋ ಸುಣ್ಣ ಹಚ್ಚಿ, ಏನಾಯ್ತು ಅಂತ ಬರೆದಲ್ಲ, ಬಾಯಲ್ಲೇ ಹೇಳಿ ಅಂದೆ. ಮೂರು ನಿಮಿಷದ ವಾಯ್ಸ್ ಅರ್ಧ ಎಂಬಿನೂ ಆಗಲ್ಲ, ಒಂದೇ ಕಡ್ಡಿ ನೆಟ್‌ವರ್ಕಲ್ಲೂ ಜಾರ್ಕೊಂಡು ಹೋಗುತ್ತೆ. ಬೆಳಿಗ್ಗೆ ಎದ್ದು ನೋಡಿದ್ರೆ 11 ವಾಯ್ಸ್ ಬಂದಿದೆ! ಅದರಲ್ಲಿ ಒಂದರಲ್ಲಿ ಹುಡುಗ ಮಾತಾಡ್ತಾ ಮಾತಾಡ್ತಾ ಹಿಂದಿಂದ ಅವರಜ್ಜಿ ದನಿ, 'ಅಯ್ಯೋ ಇದೇನ್ ದೊಡ್ಡ ವಿದ್ಯೆನಾ, ಆರತಿಗೆ ಕೆಂಪು ನೀರು ಮಾಡೋದು ಹೀಗೇ ಅಲ್ವೇನೋ, ಅರಿಶಿನಕ್ಕೆ ಸುಣ್ಣ ಹಾಕಿ.' ನಾನು ಹದಿನಾಲ್ಕು ವರ್ಷ ಈ ಪಾಠ ಮಾಡಿದೀನಿ, ನಮ್ಮನೇಲೂ ಆರತಿ ಎತ್ತುತ್ತಾರೆ, ಒಂದು ದಿನಾನೂ ಎರಡನ್ನೂ ಸೇರಿಸಿ ಹೇಳಿರ್ಲಿಲ್ಲ. ಅಜ್ಜಿ ದನಿ ಇರೋ ಭಾಗವನ್ನ ಕೇಳಿ ಒಪ್ಪಿಗೆ ತಗೊಂಡು ಎಲ್ಲರಿಗೂ ಫಾರ್ವರ್ಡ್ ಮಾಡ್ದೆ.

ಬಟನ್ ಫೋನಿನೋರಿಗೆ ಕಾನ್ಫರೆನ್ಸ್ ಕಾಲ್. ಇಂಟರ್ನೆಟ್ಟೇ ಬೇಡ ಅದಕ್ಕೆ, ಒಬ್ಬರಿಗೆ ಮಾಡಿ ಹೋಲ್ಡ್ ಇಟ್ಟು ಇನ್ನೊಬ್ಬರಿಗೆ ಮಾಡಿ ಮರ್ಜ್ ಮಾಡ್ತಾ ಹೋದ್ರೆ ಐದು ಜನದವರೆಗೆ ಸೇರಿಸಬಹುದು, ನನ್ನ ಪ್ಲಾನಲ್ಲಿ ಕಾಲ್ ಫ್ರೀ, ಅವರಿಗೆ ಇನ್‌ಕಮಿಂಗ್. ಒಂದೇ ಕಷ್ಟ ಅಂದ್ರೆ ಆಗ ಪ್ರತಿ ಕಾಲಿಗೂ ಮೊದಲು ಕೊರೊನಾ ಜಾಗೃತಿ ದನಿ ಬರ್ತಿತ್ತಲ್ಲ, ಐದು ಮಕ್ಕಳನ್ನ ಸೇರಿಸೋಕೆ ಐದು ಸಲ ಅದನ್ನ ಕೇಳ್ಬೇಕು, ನಮ್ಮನೆ ಮಗಳು ಅದನ್ನ ಬಾಯಿಪಾಠ ಮಾಡಿಬಿಟ್ಟಿದ್ಲು.

ನವೆಂಬರ್ ಡಿಸೆಂಬರಲ್ಲಿ ಅಡಿಕೆ ಕೊಯ್ಲು. ಸಂಜೆಯಾದ್ರೆ ಅಂಗಳದಲ್ಲಿ ಲೈಟ್ ಹಾಕಿ, ಸಾಲಾಗಿ ಮೆಟ್ಟುಗತ್ತಿ ಇಟ್ಕೊಂಡು ಹಸಿ ಅಡಿಕೆ ಸುಲಿಯೋಕೆ ಕೂತ್ರೆ ರಾತ್ರಿ ಹನ್ನೊಂದು ಹನ್ನೆರಡಾಗುತ್ತೆ, ಸ್ಕೂಲಿಲ್ಲ ಅಂದ್ಮೇಲೆ ಮಕ್ಕಳೂ ಕೂರ್ತಾರೆ, ಸುಲಿದಷ್ಟಕ್ಕೆ ದುಡ್ಡು. ಈಗ ಯಾವನೂ ಪಾಠ ಕೇಳಲ್ಲ ಅಂತಲೇ ನಾನು ಕೈಬಿಟ್ಟಿದ್ದೆ. ಆದ್ರೆ ಬರೋ ವಾಯ್ಸ್ ಮೆಸೇಜಲ್ಲೆಲ್ಲ ಹಿಂದೆ ಚಕ್ ಚಕ್ ಅಂತ ಸದ್ದು. ಏನೋ ಅದು ಅಂದ್ರೆ, 'ಸುಲೀತಾ ಕೇಳ್ತೀವಿ ಸರ್, ಫೋನ್ ಮಧ್ಯ ಇಟ್ಟು ಸ್ಪೀಕರ್ ಹಾಕಿದ್ರೆ ಎಲ್ಲರಿಗೂ ಕೇಳುತ್ತೆ.' ಕೈಗೆ ಕೆಲಸ ಇರುತ್ತೆ, ಕಣ್ಣು ಕತ್ತಿ ಮೇಲಿರುತ್ತೆ, ಕಿವಿ ಖಾಲಿ. ವಿಡಿಯೋ ಆಗಿದ್ರೆ ಬೆರಳು ಹೋಗ್ತಿತ್ತು. ಒಂದು ಅಂಗಳದಲ್ಲಿ ನನ್ನ ನಾಲ್ಕು ಮಕ್ಕಳಾದ್ರೆ ಸುತ್ತ ಹದಿನೈದು ಜನ ದೊಡ್ಡೋರು, ಅವರೂ ಕೇಳೋರು, ಕೆಲವರು ನಂಗೆ ಫೋನ್ ಮಾಡಿ ಪ್ರಶ್ನೆ ಕೇಳೋರು, ಅದರಲ್ಲೊಬ್ರು ಇನ್ವರ್ಟರ್ ಬ್ಯಾಟರಿಗೆ ನಲ್ಲಿ ನೀರು ಹಾಕಬಾರದು ಅಂತಾರಲ್ಲ ಯಾಕೆ ಸರ್ ಅಂತ ಅರ್ಧ ಗಂಟೆ ಬಿಡ್ಲಿಲ್ಲ.

ಇನ್ನೊಂದು ಲಾಭ ಆಗಿದ್ದು ನಾನು ಎಣಿಸಿರದ್ದು. ಓಮ್‌ನ ನಿಯಮದ ಲೆಕ್ಕ ಎಲ್ಲಾ ಸರಿ ಮಾಡಿದ್ದ ಒಬ್ಬ ಹುಡುಗ, ಕ್ಲಾಸಲ್ಲಿ ಬಾಯಿ ಬಿಡದೋನು, ವಾಯ್ಸಲ್ಲಿ ಎರಡು ನಿಮಿಷ ವಿವರಿಸ್ದ. ಬ್ಯಾಟರಿಯಿಂದ ಹೊರಟ ಕರೆಂಟ್ ಬಲ್ಬಲ್ಲಿ ಅರ್ಧ ಸುಟ್ಟು ಹೋಗುತ್ತೆ, ಉಳಿದರ್ಧ ವಾಪಸ್ ಬರುತ್ತೆ ಅಂದ. ಪೇಪರಲ್ಲಿ ಇವನಿಗೆ ಫುಲ್ ಮಾರ್ಕ್ಸ್ ಕೊಟ್ಟಿದೀನಿ ನಾನು! ಸೂತ್ರಕ್ಕೆ ಸಂಖ್ಯೆ ಹಾಕಿದ್ರೆ ಉತ್ತರ ಬರುತ್ತೆ, ತಲೆಯೊಳಗೆ ಏನಿದೆ ಅಂತ ಬಾಯಿ ಬಿಟ್ರೇ ಗೊತ್ತಾಗೋದು. ಅವನ ಮನೆ ಹತ್ರ ಅಬ್ಬಿ ನೀರಿಗೆ ಪೈಪ್ ಹಾಕಿ ಸಣ್ಣ ಟರ್ಬೈನ್ ಕೂರಿಸಿ ಲೈಟ್ ಉರಿಸ್ತಾರೆ, ನಮ್ಮ ಕಡೆ ಕೆಲವು ಮನೇಲಿದೆ ಅದು. ಟರ್ಬೈನಿಗೆ ಬಿದ್ದ ನೀರಲ್ಲಿ ಒಂದು ಚೊಂಬಾದ್ರೂ ಕಮ್ಮಿ ಆಗಿ ಹೊರಗೆ ಹೋಗುತ್ತೇನೋ, ನೋಡ್ಕೊಂಡು ಬಂದು ಹೇಳು ಅಂದೆ. ಮಾರನೇ ದಿನ ಒಂದೇ ಸಾಲಿನ ವಾಯ್ಸು, 'ನೀರು ಅಷ್ಟೇ ಇದೆ ಸರ್, ರಭಸ ಹೋಗಿದೆ.' ಇದಕ್ಕಿಂತ ಚೆನ್ನಾಗಿ ನಾನು ಹೇಳ್ತಿರ್ಲಿಲ್ಲ.

ಎಲ್ಲಾ ಆಗಲ್ಲ ವಾಯ್ಸಲ್ಲಿ, ಅದೂ ಹೇಳ್ಬೇಕು. ಕಿರಣ ಚಿತ್ರ ಬಾಯಲ್ಲಿ ಹೇಳೋಕೆ ಹೋಗಿ ನಾನೇ ಕಳೆದುಹೋದೆ, ಅದಕ್ಕೆ ಕಾಗದದಲ್ಲಿ ಬರೆದು ಒಂದು ಫೋಟೋ. ಗಣಿತದ ಮೇಡಂ ಒಂದು ವಾರ ಪ್ರಯತ್ನ ಮಾಡಿ ಇದು ನಮ್ಮ ಸಬ್ಜೆಕ್ಟಿಗಲ್ಲ ಅಂತ ಬಿಟ್ರು, ಸರಿಯೇ. ಗ್ರೂಪಲ್ಲಿ ಶುಭೋದಯ, ಕೊರೊನಾಗೆ ಕಷಾಯ, ಮತ್ತೆ ಯಾರದ್ದೋ ಹಳೇ ಜಗಳ ಶುರುವಾಗಿ ಕೊನೆಗೆ ಅಡ್ಮಿನ್ ಮಾತ್ರ ಹಾಕೋ ಹಾಗೆ ಲಾಕ್ ಮಾಡ್ದೆ, ಮಕ್ಕಳ ಉತ್ತರ ನನ್ನ ಪರ್ಸನಲ್ ನಂಬರಿಗೆ, ತಪ್ಪಾದ್ರೂ ನಾನೊಬ್ನೇ ಕೇಳೋದು. ಅದಾದ್ಮೇಲೆ ಆ ಲಗೇಜ್ ಆಟೋ ಅಪ್ಪನೂ ವಾಪಸ್ ಸೇರಿದ್ರು. ಏಳೂವರೆಯಿಂದ ಒಂಬತ್ತರ ತನಕ ನಾನು ಮಕ್ಕಳಿಗೆ, ಒಂಬತ್ತರ ಮೇಲೆ ಯಾರ ಫೋನೂ ಎತ್ತಲ್ಲ ಅಂತ ಮನೇಲಿ ಒಪ್ಪಂದ ಆಯ್ತು. ಇಲಾಖೆ ಗ್ರೂಪಲ್ಲಿ ಬರೋ 'ತಕ್ಷಣ ಮಾಹಿತಿ ಕಳುಹಿಸಿ'ಗೆ ಮಾತ್ರ ಈ ಒಪ್ಪಂದ ಇವತ್ತಿಗೂ ಅರ್ಥ ಆಗಿಲ್ಲ.

2021ರ ಜುಲೈ 19 ಮತ್ತು 22ಕ್ಕೆ ಎಸ್ಸೆಸ್ಸೆಲ್ಸಿ ಎರಡೇ ದಿನ, ಬರೀ ಬಹು ಆಯ್ಕೆ ಪ್ರಶ್ನೆ, ಓಎಂಆರ್ ಶೀಟು ಅಂತ ಆದಾಗ ಫೋನ್ ಕೈಕೊಡ್ತು. ವೃತ್ತಕ್ಕೆ ಪೆನ್ನಲ್ಲಿ ಹೇಗೆ ತುಂಬ್ಬೇಕು ಅನ್ನೋದನ್ನ ಕೈಯಲ್ಲಿ ಮಾಡೇ ಕಲೀಬೇಕು. ಎರಡನೇ ಅಲೆ, ಬಸ್ಸಿಲ್ಲ, ಕೊನೆಗೆ ದಾರಿ ತೋರಿಸಿದ್ದು ಹಾಲಿನ ಡೈರಿ. ಲಾಕ್‌ಡೌನ್ ಇರಲಿ ಬಿಡಲಿ ಹಾಲು ಹಾಕೋಕೆ ಎಲ್ಲಾ ಮನೆಯಿಂದ ಒಬ್ಬರಾದ್ರೂ ಬರ್ತಾರಲ್ಲ, ಜೆರಾಕ್ಸ್ ಕಟ್ಟು ಡೈರೀಲಿಟ್ವಿ, ಕ್ಯಾನ್ ಜೊತೆ ಮನೆ ಸೇರ್ತು, ತುಂಬಿದ ಶೀಟು ಮಾರನೇ ದಿನ ಕ್ಯಾನ್ ಜೊತೆಗೇ ವಾಪಸ್. ಒಂದೆರಡಕ್ಕೆ ಹಾಲು ಚೆಲ್ಲಿತ್ತು.

ಈಗ ಮಕ್ಕಳ ಕೈಲೇ ಫೋನಿದೆ, ನೆಟ್ಟೂ ಇದೆ, ಸಮಸ್ಯೆ ಉಲ್ಟಾ, ರೀಲ್ಸ್ ಬಿಟ್ಟು ಬೇರೆ ನೋಡಲ್ಲ ಅಂತ ತಾಯಂದಿರು ಬೈತಾರೆ. ಆದ್ರೂ ವಾರಕ್ಕೊಂದು ಪ್ರಶ್ನೆ ವಾಯ್ಸಲ್ಲಿ ಕಳಿಸ್ತೀನಿ, ಒಂದು ನಿಮಿಷದ ಒಳಗೆ ಬಾಯಲ್ಲೇ ಉತ್ತರ. ಆ ಹಳೇ ಕಾಲಮ್ಮೂ ಬಿಟ್ಟಿಲ್ಲ, ಜೂನಲ್ಲಿ ಅಡ್ಮಿಷನ್ ಆದ ತಕ್ಷಣ ಒಂದು ಚೀಟಿ ಕೊಟ್ಟು ಫೋನ್ ಯಾರದ್ದು, ಎಷ್ಟು ಗಂಟೆಗೆ ಸಿಗುತ್ತೆ ಅಂತ ಬರೆಸ್ಕೊಳ್ತೀನಿ. ಹೊಸ ಮೇಷ್ಟ್ರಿಗೆ ಈ ವರ್ಷದ ಚೀಟಿ ಕಟ್ಟು ತೋರಿಸ್ದೆ. ಮೊದಲನೇದ್ರಲ್ಲೇ ಒಬ್ಬಳು ಬರ್ದಿದ್ಲು, 'ಫೋನು ಅಮ್ಮಂದು. ಅವಳಿಗೆ ಧಾರಾವಾಹಿ ಮುಗಿದ ಮೇಲೆ.'