ಗೂಡಿನ ಕೆಳಗಿನ ಮೊಸಳೆಯೂ ಚಿತ್ರದಲ್ಲಿರಲಿ

ಫ್ಲಾರಿಡಾದ ಸೇಂಟ್ ಆಗಸ್ಟೀನ್ ಊರಿನಲ್ಲಿ 1893ರಿಂದ ನಡೆದುಬಂದಿರುವ ಆಲಿಗೇಟರ್ (ಮೊಸಳೆಯ ಹತ್ತಿರದ ಬಳಗದ ಪ್ರಾಣಿ) ಫಾರ್ಮ್‌ಗೆ ವಸಂತದಲ್ಲಿ ಕ್ಯಾಮೆರಾ ಹೊತ್ತು ಬರುವವರಲ್ಲಿ ಅನೇಕರಿಗೆ ಆಲಿಗೇಟರ್‌ನ ಗೊಡವೆಯೇ ಇರುವುದಿಲ್ಲ. ಅವರ ಕಣ್ಣೆಲ್ಲ ಅಲ್ಲಿನ ಜೌಗುನೀರಿನ ಮೇಲೆ ಚಾಚಿಕೊಂಡ ಮರಗಳ ಮೇಲೆ. ದೊಡ್ಡ ಬೆಳ್ಳಕ್ಕಿ, ಸ್ನೋಯಿ ಈಗ್ರೆಟ್ ಎಂಬ ಸಣ್ಣ ಬೆಳ್ಳಕ್ಕಿ, ಗುಲಾಬಿ ಮೈಯ ಚಮಚಕೊಕ್ಕಿನ ಹಕ್ಕಿ, ವುಡ್ ಸ್ಟಾರ್ಕ್ ಎಂಬ ಕೊಕ್ಕರೆ ಇವೆಲ್ಲ ಅಲ್ಲಿ ಒತ್ತೊತ್ತಾಗಿ ಗೂಡು ಕಟ್ಟುತ್ತವೆ. ನೀರಿನಲ್ಲಿರುವ ಆಲಿಗೇಟರ್‌ಗಳು ಸಾಕಿದವು. ಹಕ್ಕಿಗಳು ಮಾತ್ರ ತಾವಾಗಿ ಬಂದು ನೆಲೆಸಿದ ಕಾಡುಹಕ್ಕಿಗಳು.

ಅವು ಈ ಅಪಾಯದ ನೆತ್ತಿಯ ಮೇಲೆಯೇ ಸಂಸಾರ ಹೂಡುವುದಕ್ಕೆ ಕಾರಣವಿದೆ. ಮರ ಹತ್ತಿ ಮೊಟ್ಟೆ ಮರಿಗಳನ್ನು ಕಬಳಿಸುವ ರಕೂನ್‌ನಂಥ ಪ್ರಾಣಿಗಳು ಆಲಿಗೇಟರ್ ಇರುವ ನೀರನ್ನು ದಾಟಿ ಬರಲು ಅಂಜುತ್ತವೆ. ಈ ಕಾವಲಿಗೆ ಕೂಲಿಯೂ ಸಲ್ಲುತ್ತದೆ: ಗೂಡಿನಿಂದ ಜಾರಿಬಿದ್ದ ಮರಿ ಕೆಳಗಿನವುಗಳ ಪಾಲು. ಫ್ಲಾರಿಡಾದ ದೊಡ್ಡ ಜೌಗುನಾಡಾದ ಎವರ್‌ಗ್ಲೇಡ್ಸ್‌ನಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನವೊಂದು, ಇಂಥ ಗೂಡುತಾಣಗಳ ಬಳಿಯ ಆಲಿಗೇಟರ್‌ಗಳು ಬೇರೆಡೆಯವಕ್ಕಿಂತ ಮೈಕೈ ತುಂಬಿಕೊಂಡಿರುವುದನ್ನು ತೋರಿಸಿತು.

ಹೀಗಿರುವಾಗ ಮುದ್ದು ಮರಿಯ ಮುಖವನ್ನಷ್ಟೇ ತುಂಬಿಸಿದ ಚಿತ್ರ ನನಗೆ ಅರ್ಧ ಚಿತ್ರವೆನಿಸುತ್ತದೆ. ಆ ಮುಖದ ಆಕರ್ಷಣೆಯನ್ನು ನಾನೂ ಅಲ್ಲಗಳೆಯುವುದಿಲ್ಲ. ದೊಡ್ಡ ಬೆಳ್ಳಕ್ಕಿಯ ಗೂಡಿನಲ್ಲಿ ಗುಟುಕಿನ ಹೊತ್ತು ನೋಡಬೇಕು: ಕಣ್ಣ ಮುಂದಿನ ಬರಿಚರ್ಮ ಎಳೆಹಸಿರಾಗಿ ಹೊಳೆಯುತ್ತಿರುವ ತಾಯಿಯೋ ತಂದೆಯೋ ಬಂದಿಳಿದೊಡನೆ, ತಲೆಯ ತುಪ್ಪುಳು ನೆಟ್ಟಗೆ ನಿಂತ ಮರಿಯೊಂದು ಆ ಉದ್ದ ಕೊಕ್ಕನ್ನು ತನ್ನ ಕೊಕ್ಕಿನಿಂದ ಕತ್ತರಿಯಂತೆ ಅಡ್ಡ ಹಿಡಿದು ಕೆಳಕ್ಕೆ ಜಗ್ಗುತ್ತದೆ, ಜಗ್ಗಿದಾಗಲೇ ಮೀನು ಹೊರಬರುತ್ತದೆ. ಮರಿಗಳು ಒಂದೇ ದಿನ ಒಡೆದು ಬರುವುದಿಲ್ಲವಾದ್ದರಿಂದ ಮೊದಲು ಹುಟ್ಟಿದ್ದು ದಾಂಡಿಗ. ಕಿರಿಯದನ್ನು ಕುಕ್ಕಿ ಕುಕ್ಕಿ ಅದು ಹಸಿವಿನಿಂದ ಸಾಯುವಂತೆ ಮಾಡುವುದೂ ಉಂಟು.

ಇವೆರಡನ್ನೂ, ಅಂದರೆ ಗೂಡನ್ನೂ ನೀರನ್ನೂ, ಒಂದೇ ಫ್ರೇಮಿಗೆ ತರುವುದು ಸುಲಭವಲ್ಲ. ಹಲಗೆ ದಾರಿಯಿಂದ ಗೂಡುಗಳು ಎಷ್ಟು ಹತ್ತಿರವೆಂದರೆ ದೂರದ್ದನ್ನು ಹತ್ತಿರ ತರುವ 600 ಎಂಎಂ ಲೆನ್ಸ್ ಅಲ್ಲಿ ಹೊರೆಯಾಗುತ್ತದೆ. 100-400 ಜೂಮ್ ಇದ್ದರೆ ಸಾಕು. ನೀರಿಗೆ ತಗ್ಗಿ ನಿಂತ ಕೊಂಬೆಯ ಗೂಡನ್ನು ಆರಿಸಿಕೊಂಡು, ಅಪರ್ಚರನ್ನು, ಅಂದರೆ ಲೆನ್ಸಿನ ಬೆಳಕಿನ ಕಿಂಡಿಯನ್ನು, ಎಫ್ 11ರ ಸುತ್ತ ಕಿರಿದಾಗಿ ಇಟ್ಟರೆ, ಮರಿ ಸ್ಪಷ್ಟವಾಗಿ ಮೂಡುವುದರ ಜೊತೆಗೆ ಕೆಳಗೆ ತೇಲುವ ಬೆನ್ನು ಆಲಿಗೇಟರ್‌ನದೆಂದು ಗುರುತಿಸುವಷ್ಟಾದರೂ ಉಳಿಯುತ್ತದೆ. ಕಪ್ಪುನೀರಿನ ಹಿನ್ನೆಲೆಗೆ ಕ್ಯಾಮೆರಾದ ಬೆಳಕಳೆಯುವ ಮೀಟರ್ ಮೋಸಹೋಗಿ ಬಿಳಿಗರಿಗಳನ್ನು ಸುಟ್ಟುಬಿಡುತ್ತದೆ. ಎಕ್ಸ್‌ಪೋಷರ್ ಒಂದು ಸ್ಟಾಪ್ (ಬೆಳಕು ಅರ್ಧದಷ್ಟು) ತಗ್ಗಿಸಿ, ಚಿತ್ರದ ಬೆಳಕಿನ ಹಂಚಿಕೆ ತೋರುವ ಹಿಸ್ಟೋಗ್ರಾಮ್ ನೋಡಿ ಸರಿಪಡಿಸಿಕೊಳ್ಳುವುದು ಲೇಸು. ರಂಗನತಿಟ್ಟಿನಲ್ಲಿ ಮೊಸಳೆ, ಗೂಡು ಎರಡೂ ಇದ್ದರೂ ಅಲುಗುವ ದೋಣಿಯಿಂದ ಇಂಥ ಲೆಕ್ಕಾಚಾರಕ್ಕೆ ಪುರಸೊತ್ತು ಸಿಗುವುದಿಲ್ಲ.

ಮರಿ ಬೀಳಲೆಂದೇ ಲೆನ್ಸ್ ಗುರಿಯಿಟ್ಟು ಕಾಯುವುದು ನನಗೆ ಒಗ್ಗದ ಕೆಲಸ. ಎದುರಿಗೇ ಬಿದ್ದರೆ ತೆಗೆಯುತ್ತೇನೆ, ಬಚ್ಚಿಡುವುದಿಲ್ಲ. ಹೊಸದಾಗಿ ಹೋಗುವವರು ಏಪ್ರಿಲ್ ಕೊನೆಯಿಂದ ಮೇ ನಡುವಿನವರೆಗಿನ ಅವಧಿಯನ್ನು ಆರಿಸಿಕೊಳ್ಳಬಹುದು. ಬೇಗ ಗೂಡು ಕಟ್ಟಿದ ದೊಡ್ಡ ಬೆಳ್ಳಕ್ಕಿಗಳ ಮರಿಗಳು ಆಗ ಬಲಿತಿರುತ್ತವೆ, ತಡವಾಗಿ ಬಂದ ಹಕ್ಕಿಗಳು ಇನ್ನೂ ಕಾವು ಕೂತಿರುತ್ತವೆ.